ಒಂದೇ ಪಿನ್ನಿನ ಚೌರಿ

ಗಿರಾಕಿಯ ತಲೆಯ ಮೇಲಿನ ಸೆರಗು ಸರಿಸಿದ ಚೌರಿ ಅಂಗಡಿಯ ಹೆಂಗಸು ಬೆಚ್ಚಿದಳು. ನೆತ್ತಿಯ ಹಿಂದೆ ಅಂಗೈಯಗಲದಷ್ಟು ಕೂದಲು ಬುಡಸಮೇತ ಕಿತ್ತುಬಂದಿತ್ತು.

"ಯಾರಮ್ಮಾ ಹೀಗೆ ಮಾಡಿದ್ದು?"

"ನಮ್ಮನೆಯವರು. ಸಿಟ್ಟು ಬಂದ್ರೆ ಜಡೆ ಹಿಡಿದು ಮಹಡಿ ಮೆಟ್ಟಿಲಿಂದ ಕೆಳಕ್ಕೆ ಎಳೀತಾರೆ. ನನ್ನ ಮುಖ ನೋಡ್ತಾನೇ ಹಿಂದುಹಿಂದಕ್ಕೆ ಇಳೀತಾರೆ."

"ಹಾಗಾದ್ರೆ ನಾಲ್ಕು ಪಿನ್ನಿನ ಚೌರಿ ತಗೋ. ಎಷ್ಟು ಜಗ್ಗಿದ್ರೂ ಕಳಚಲ್ಲ."

"ಬೇಡಕ್ಕಾ, ಒಂದೇ ಪಿನ್ನಿಂದು ಕೊಡಿ."

"ಅಯ್ಯೋ ಪೆದ್ದಿ, ಅದು ಒಂದೇ ಏಟಿಗೆ ಕೈಗೆ ಬರುತ್ತೆ!"

"ಬರಲಿ. ನನಗೆ ನೋವಾದ್ರೂ ತಪ್ಪುತ್ತೆ."

ಎಂಟು ದಿನಗಳ ನಂತರ ಆಕೆ ಅದೇ ಚೌರಿಯನ್ನು ಕಾಗದದಲ್ಲಿ ಸುತ್ತಿ ತಂದಳು.

"ಇದನ್ನ ತೊಳೆಯೋದು ಹೇಗಕ್ಕಾ?"

"ತಣ್ಣೀರಿಗೆ ಶಾಂಪೂ ಹಾಕಿ ಅದ್ದು. ಉಜ್ಜಬೇಡ. ನೆರಳಲ್ಲೇ ಒಣಗಿಸು," ಎನ್ನುತ್ತ ಅಂಗಡಿಯವಳು ಪೊಟ್ಟಣ ಬಿಚ್ಚಿದಳು. ಚೌರಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಮತ್ತೆ ಹೊಡೆದನಾ ಆ ಪಾಪಿ? ಎಲ್ಲಿ, ತಲೆ ತೋರಿಸು."

ತಲೆಯಲ್ಲಿ ಹೊಸ ಗಾಯವಿರಲಿಲ್ಲ.

"ಮೇಲಿನ ಮೆಟ್ಟಿಲಲ್ಲೇ ಜಗ್ಗಿದ್ರು. ನೀವು ಹೇಳಿದ ಹಾಗೇ ಕೈಗೆ ಬಂತಕ್ಕಾ," ಎಂದಳು ಆಕೆ. "ಕೆಳಗೆ ಬಿದ್ದಿದ್ದ ಹೆಣದ ಮುಷ್ಟಿಯಿಂದ ಬಿಡಿಸೋದಕ್ಕೆ ಮಾತ್ರ ಇಬ್ಬರು ಬೇಕಾಯ್ತು."