ಕೇಪಳದ ಗಿಡದಲ್ಲಿದ್ದವಳು

ಮಹಾನಂದಾ ಎರಡನೇ ಹೆಂಡತಿಯಾಗಿ ಶಹಾಬಾದಿನ ಆ ಮನೆಗೆ ಕಾಲಿಟ್ಟಾಗ, ಅಂಗಳದ ಮೂಲೆಯಲ್ಲಿ ಒಂದು ಗಿಡ ನಿಂತಿತ್ತು…

ಕೇಪಳದ ಗಿಡ. ಕರಾವಳಿಯಲ್ಲಿ ಬೇಲಿ ತುಂಬ ಕೆಂಪು ಗೊಂಚಲು ಬಿಡುವಂಥದ್ದು. ಇಲ್ಲಿ ಮಾತ್ರ ಕಾಮಾಲೆ ಹಿಡಿದವರ ಹಾಗೆ ಎಲೆಗಳೆಲ್ಲ ಹಳದಿ.

ಗಂಡ ಚನ್ನವೀರನ ಮೊದಲ ಹೆಂಡತಿ ಶುಭಲತಾ ಅದನ್ನು ಪುತ್ತೂರಿನ ತವರಿನಿಂದ ತಂದು ನೆಟ್ಟಿದ್ದಳು. ಜ್ವರ ಬಂದು, ಎಳೆ ವಯಸ್ಸಿನಲ್ಲೇ ತೀರಿಹೋಗಿದ್ದಳು.

ಪಕ್ಕದ ಮನೆಯ ಗುರುಬಾಯಿ ಮೊದಲ ದಿನವೇ ಎಚ್ಚರಿಸಿದ್ದಳು. "ದವಾಖಾನಿಗಿ ಒಯ್ಯೂ ಮುಂದ ಸೈತ ಆಕಿ ಕಣ್ಣು ಆ ಗಿಡದ ಮ್ಯಾಲೇ ಇತ್ತವಾ. ನೀ ಅದಕ್ಕ ಕೈ ಹಚ್ಚಬ್ಯಾಡ…"

ಮಹಾನಂದಾ ಕೈ ಹಚ್ಚಲಿಲ್ಲ.

ಆದರೆ ಗಿಡ ಅವಳನ್ನು ಬಿಡಲಿಲ್ಲ…

ಗಂಡ ಶಾಲೆಗೆ ಪಾಠ ಮಾಡಲು ಹೋದ ಮೇಲೆ, ಬಿರುಬಿಸಿಲಿನ ಮಧ್ಯಾಹ್ನ, ಹಾಸುಗಲ್ಲಿನ ಅಂಗಳದಿಂದ ಝಳ ಏಳುತ್ತಿತ್ತು. ಆ ಝಳದಲ್ಲಿ ಗಿಡದ ಬುಡದಲ್ಲಿ ಯಾರೋ ಮೊಣಕಾಲು ತಬ್ಬಿ ಕೂತಂತೆ ಕಾಣುತ್ತಿತ್ತು.

ಗಾಳಿಯೇ ಇಲ್ಲ… ಆದರೂ ಎಲೆ ಅಲುಗುತ್ತಿತ್ತು.

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕಿದರೂ ಬೆನ್ನ ಹಿಂದೆ ಯಾರೋ ನೋಡುತ್ತಿದ್ದಾರೆ ಅನಿಸುತ್ತಿತ್ತು. 'ಇದು ನನ್ನ ಮನೆ' ಎಂದು ಯಾರೋ ಹೇಳಿದಂತೆ…

ಇನ್ನೊಂದು ಸಂಕಟ ಚಿನ್ಮಯಿ. ಶುಭಲತಾಳ ಮಗಳು. ಒಂದನೇ ಕ್ಲಾಸ್.

ಸ್ಕೂಲಿಂದ ಬಂದವಳೇ ಬ್ಯಾಗ್ ಕೂಡ ಇಳಿಸದೆ ಗಿಡದ ಮುಂದೆ ನಿಂತು ಪಿಸುಗುಡುತ್ತಿದ್ದಳು. ಮಹಾನಂದಾ ಹತ್ತಿರ ಹೋದರೆ ಬಾಯಿ ಮುಚ್ಚಿಬಿಡುತ್ತಿದ್ದಳು.

'ಒಣಗಿ ಹೋದರೆ ಹೋಗಲಿ…' ಒಂದು ಬೇಸಿಗೆಯಲ್ಲಿ ಮಹಾನಂದಾಳಿಗೆ ಹಾಗನಿಸಿತು.

ಆಗಲೇ ಒಂದು ಸಂಜೆ ಮಗು ಅವಳ ಸೆರಗು ಜಗ್ಗಿತು. ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಆಂಟಿ… ಅಮ್ಮಗ ನೀರ್ ಹಾಕ್ರಿ. ಆಕೀಗಿ ಭಾಳ ಬಿಸಿಲು ಹತ್ತೇದ."

ಮಹಾನಂದಾಳ ಮೈ ಜುಮ್ಮೆಂದಿತು. "ಯಾ ಅಮ್ಮಗ?"

ಮಗು ಗಿಡ ತೋರಿಸಿತು. "ಅಮ್ಮ ಅದ್ರಾಗೇ ಅದಾಳ. ಗುರುಬಾಯಿ ಆಯಿ ಹೇಳ್ಯಾಳ."

ಅವತ್ತು ಅವಳಿಗೆ ಭಯಕ್ಕಿಂತ ದೊಡ್ಡದೊಂದು ಅರ್ಥವಾಯಿತು… ಈ ಗಿಡ ಸತ್ತರೆ, ಮಗುವಿಗೆ ತಾಯಿ ಇನ್ನೊಂದು ಸಲ ಸಾಯುತ್ತಾಳೆ.

ಮರುದಿನದಿಂದ ಒದ್ದೆ ಗೋಣಿಚೀಲ ಕಟ್ಟಿ ನೆರಳು ಮಾಡಿದಳು. ಬೆಳಗ್ಗೆ ಸಂಜೆ ನೀರು ಹಾಕಿದಳು. ಎಲೆ ಮತ್ತಷ್ಟು ಹಳದಿಯಾಯಿತೇ ಹೊರತು ಚಿಗುರಲಿಲ್ಲ.

ತಂಗಿಯ ಮದುವೆಗೆಂದು ಬೀದರ್ ಕಡೆಯ ತನ್ನ ತವರೂರಿಗೆ ಹೋದಾಗ, ಅಲ್ಲಿನ ಶಾಲೆಯ ಮುಂದೆ ಅಂಥದ್ದೇ ಗಿಡ ಕಂಡಿತು. ಅದೇ ಉರಿಬಿಸಿಲು… ಆದರೆ ಕಡುಹಸಿರು ಎಲೆ, ಮೈತುಂಬ ಹೂವು!

ಕೆಳಗೆ ನೋಡಿದಳು. ಕೆಂಪು ಮಣ್ಣು.

ಶಹಾಬಾದಿನದು ಸುಣ್ಣಕಲ್ಲಿನ ನೆಲ. ಬೋರ್‌ವೆಲ್ ನೀರು ಹಾಕಿದರೆ ಬುಡದಲ್ಲಿ ಬಿಳಿ ಪದರ ಕಟ್ಟುತ್ತಿತ್ತು. ತಪ್ಪು ಬಿಸಿಲಿನದಲ್ಲ… ಕಾಲ ಕೆಳಗಿನ ನೆಲದ್ದು.

ಮೊದಲ ಮಳೆ ಬೀಳುತ್ತಿದ್ದಂತೆ ತವರಿನಿಂದ ಕೆಂಪು ಮಣ್ಣಿನ ಚೀಲಗಳನ್ನು ತರಿಸಿದಳು. ಕೊಳೆತ ಎಲೆಗೊಬ್ಬರ ಬೆರೆಸಿ ದೊಡ್ಡ ಡ್ರಮ್ ತುಂಬಿದಳು.

ಗಿಡದ ಸುತ್ತ ಮೆಲ್ಲಗೆ ಅಗೆದಳು. ಯಾರದೋ ಸಮಾಧಿ ಅಗೆದಂತೆ…

"ಯಕ್ಕಾ, ಸಿಟ್ಟಿಗೇಳಬ್ಯಾಡ. ನಿನ್ನ ಮನಿ ಕಸಗೊಳ್ಳಾಕ ಬಂದಾಕಿ ಅಲ್ಲ ನಾ…" ಎನ್ನುತ್ತಲೇ ಬೇರನ್ನು ಮಗುವಿನಂತೆ ಎತ್ತಿ ಡ್ರಮ್ಮಿಗಿಟ್ಟಳು.

ವಾರದೊಳಗೆ ಇದ್ದಬದ್ದ ಎಲೆಗಳೂ ಉದುರಿದವು.

ಚನ್ನವೀರ ಮೊದಲ ಸಲ ಅವಳ ಮೇಲೆ ದನಿ ಏರಿಸಿದ. "ಆಕೀದು ಅಂತ ಉಳದಿದ್ದು ಅದೊಂದೇ ಇತ್ತು! ನಿನಗ ಯಾರು ಕೀಳಂದ್ರು?"

ಚಿನ್ಮಯಿ ಅವಳ ಕೈಯಿಂದ ಊಟ ಮಾಡುವುದನ್ನೇ ಬಿಟ್ಟಳು. ಮಹಾನಂದಾ ಮಾತ್ರ ಮಾಳಿಗೆಯ ಮಳೆನೀರು ಹಿಡಿದಿಟ್ಟು, ಬರೀ ಕಡ್ಡಿಗೆ ಹಾಕುತ್ತಲೇ ಹೋದಳು. ಹಾಕುವಾಗೆಲ್ಲ ಬೆನ್ನ ಹಿಂದೆ ಅದೇ ನೋಟ…

ಶ್ರಾವಣದಲ್ಲಿ ಒಂದು ಗೆಣ್ಣಿನಲ್ಲಿ ಹಸಿರು ಚುಕ್ಕೆ ಮೂಡಿತು.

ದೀಪಾವಳಿ ಹೊತ್ತಿಗೆ ಗಿಡದ ತುದಿಯಲ್ಲಿ ಕೆಂಡದಂಥ ಗೊಂಚಲು!

ಅದೇ ಸಮಯಕ್ಕೆ ಶುಭಲತಾಳ ತಾಯಿ ಲೀಲಾವತಿ ಮೊಮ್ಮಗಳನ್ನು ನೋಡಲು ಪುತ್ತೂರಿನಿಂದ ಬಂದರು. ಅಂಗಳಕ್ಕೆ ಬಂದವರು ಗಿಡ ನೋಡಿ ನಿಂತಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ಧಾರೆ…

ಮಹಾನಂದಾ ತಲೆ ತಗ್ಗಿಸಿದಳು. "ನಿಮ್ಮ ಮಗಳ ಗಿಡ ನಾ ಕಿತ್ತಿದ್ದೆರಿ… ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ."

"ಎಂತ ತಪ್ಪು ಮಾರಾಯ್ತಿ?" ಲೀಲಾವತಿ ಅವಳ ಎರಡೂ ಕೈ ಹಿಡಿದುಕೊಂಡರು. "ಶುಭ ಫೋನ್ ಮಾಡಿದಾಗೆಲ್ಲ ಅಳ್ತಿದ್ಲು. 'ಅಮ್ಮಾ, ಇಲ್ಲಿ ಒಂದು ಹೂ ಕೂಡ ಆಗುದಿಲ್ಲ' ಅಂತ. ಆಸ್ಪತ್ರೆಯಿಂದ ಮಾತಾಡಿದ್ದೂ ಅದೇ… 'ಯಾರಾದ್ರೂ ಅದನ್ನು ಉಳಿಸ್ಲಿ' ಅಂತ."

ಅವರು ಕೈ ಬಿಟ್ಟು ಗೊಂಚಲನ್ನು ಮೆಲ್ಲಗೆ ಮುಟ್ಟಿದರು.

"ಇದು ಮೊದಲನೇ ಹೂ ಮಗಾ. ಅವಳು ನೋಡ್ಲೇ ಇಲ್ಲ."

ಮಹಾನಂದಾ ಅಲ್ಲೇ ಹಾಸುಗಲ್ಲಿನ ಮೇಲೆ ಕೂತಳು. ಇಷ್ಟು ದಿನ ತನ್ನ ಬೆನ್ನಿಗೆ ಚುಚ್ಚಿದ್ದ ಆ ನೋಟ ದ್ವೇಷದ್ದಾಗಿರಲಿಲ್ಲವೇ…? ಬೇಡಿಕೊಳ್ಳುತ್ತಿತ್ತೇ…?

ಬಾಗಿಲಲ್ಲಿ ನಿಂತಿದ್ದ ಚನ್ನವೀರ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಆಗ ಚಿನ್ಮಯಿ ಮೆಲ್ಲಗೆ ಬಂದು ಮಹಾನಂದಾಳ ಕಿರುಬೆರಳು ಹಿಡಿದಳು. ಎಬ್ಬಿಸಿಕೊಂಡು ಹೋಗಿ ಗಿಡದ ಮುಂದೆ ನಿಲ್ಲಿಸಿದಳು. ಈ ಸಲ ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು…

"ಅಮ್ಮಾ, ಇವರು ಮಹಾನಂದಾ. ನೀ ಈಗ ನಿಂತೀಯಲ್ಲ, ಅದು ಇವರೂರ ಮಣ್ಣು."

ಗಾಳಿ ಇರಲಿಲ್ಲ… ಕೆಂಪು ಗೊಂಚಲು ಸಣ್ಣಗೆ ತೂಗಿತು.

ಹೋದವರ ಜಾಗವನ್ನು ಕಸಿಯಬೇಕಿಲ್ಲ, ಅವರಿಗೆ ಹೆದರಲೂಬೇಕಿಲ್ಲ… ಅವರು ಬಿಟ್ಟುಹೋದ ಬೇರಿಗೆ ನಮ್ಮ ಕಡೆಯ ಒಂದು ಹಿಡಿ ಮಣ್ಣು ಕೊಟ್ಟರೆ ಸಾಕು.

ನಿಮ್ಮ ಮನೆಯಲ್ಲೂ ಯಾರೋ ಅರ್ಧಕ್ಕೆ ಬಿಟ್ಟುಹೋದದ್ದೊಂದು, ನಿಮ್ಮನ್ನೇ ನೋಡುತ್ತಾ ಒಣಗುತ್ತಿಲ್ಲ ತಾನೇ…?