ಎರಡು ಗೇಣು ಎಡಕ್ಕೆ

ಫುಟ್‌ಬಾಲ್ ಪಂದ್ಯದ ಮೊದಲರ್ಧ ಮುಗಿಯಲು ಐದೇ ನಿಮಿಷವಿದೆ ಎನ್ನುವಾಗ ಗೋಲ್‌ಕೀಪರ್ ಬಾಬಾಜಾನ ಯಾರಿಗೂ ಗೊತ್ತಾಗದ ಹಾಗೆ ಒಂದು ಕೆಲಸ ಮಾಡಿದ. ಗೋಲಿನ ನಟ್ಟನಡುವಿನಿಂದ ಮುಂದಕ್ಕೆ ತಾನೇ ಎಳೆದಿದ್ದ ಗೆರೆಯನ್ನು ಬೂಟಿನಿಂದ ಉಜ್ಜಿ ಅಳಿಸಿದ. ಎರಡು ಗೇಣು ಎಡಕ್ಕೆ ಸರಿದು ಹಿಮ್ಮಡಿಯಿಂದ ಹೊಸದೊಂದು ಎಳೆದ. ಚೆಂಡಿನ ಮೇಲೆ ಕಣ್ಣಿಟ್ಟ ಗೋಲ್‌ಕೀಪರನಿಗೆ ಬೆನ್ನ ಹಿಂದಿನ ಕಂಬ ಎಲ್ಲಿದೆ ಎಂದು ತಿರುಗಿ ನೋಡಲು ಪುರುಸೊತ್ತೆಲ್ಲಿ? ಕಾಲಬುಡದ ಗೆರೆ ನೋಡಿದರೆ ನಡು ಗೊತ್ತಾಗುತ್ತದೆ. ರೆಫರಿಗಳು ಹಾಗೆಲ್ಲ ಗೆರೆ ಎಳೆಯಬಾರದು ಅನ್ನುತ್ತಾರೆ, ಆದರೆ ದಾಂಡೇಲಿಯ ಕೆಂಪುಮಣ್ಣಿನ ಮೈದಾನದಲ್ಲಿ ಅದನ್ನು ಕೇಳುವವರಿಲ್ಲ.

ವಿರಾಮ ಮುಗಿದು ತಂಡಗಳು ಬದಿ ಬದಲಿಸಿದರೆ ಈ ಗೋಲಿಗೆ ಬರುವವನು ಕುಬೇರ. ಗೋವಾದ ಕ್ಲಬ್ಬಿನ ಕುಬೇರ, ಟಿವಿಯಲ್ಲಿ ಬರುವ ಕುಬೇರ, ಇವತ್ತಿನ ಪಂದ್ಯವೇ ಯಾರ ಸನ್ಮಾನಕ್ಕೆಂದು ನಡೆದಿದೆಯೋ ಆ ಕುಬೇರ. ಮುಂಡಗೋಡ ಕಡೆಯಿಂದ ಬಂದ ಅವನಿಗೆ ಹಾರುವುದು, ಬೀಳುವುದು, ಗೆರೆ ಎಳೆಯುವುದು ಎಲ್ಲ ಕಲಿಸಿದವನು ಬಾಬಾಜಾನನೇ. ಹದಿನಾಲ್ಕು ವರ್ಷದ ಹಿಂದೆ ಗೋವಾದವರು ಆಟಗಾರರನ್ನು ಆರಿಸಲು ಬಂದ ದಿನ ಗುರುವಿಗೆ ಟೈಫಾಯ್ಡ್. ಬದಲಿಗೆ ನಿಂತ ಶಿಷ್ಯ ಅವರ ಜೀಪು ಹತ್ತಿ ಹೋದ. ಗುರು ಅಂಬೇವಾಡಿಯ ಗ್ಯಾರೇಜಿನಲ್ಲಿ ಲಾರಿಗಳ ಕೆಳಗೆ ಮಲಗಿ ನಟ್ಟು ಬಿಗಿಯುತ್ತ ಉಳಿದ. ಹೊಟ್ಟೆಕಿಚ್ಚೆಂದರೆ ಸಣ್ಣ ಮಾತೇನು? ಟಿವಿಯಲ್ಲಿ ಕುಬೇರ ಹಿಡಿದ ಒಂದೊಂದು ಚೆಂಡೂ ತನ್ನ ಕೈಯಿಂದ ಕಸಿದುಕೊಂಡದ್ದು ಎಂದೇ ಬಾಬಾಜಾನ ಕುದಿಯುತ್ತಿದ್ದ. ಒಂದೇ ಒಂದು ಸಲ ಊರಮಂದಿಯ ಎದುರು ಇವನು ನಗೆಪಾಟಲಾಗಲಿ, ಬಾಬಾಜಾನನಿಗೆ ಬೇಕಾದದ್ದು ಅಷ್ಟೇ.

ಕುಬೇರ ಬಂದವನೇ ಗುರುವಿನ ಗೆರೆಯನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಕಂಬಗಳ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ನಿಮಿಷಕ್ಕೆ ಬಾಬಾಜಾನನ ತಂಡದ ಜ್ಯೋತಿಬಾ, ಹೊಟ್ಟೆ ಬಂದ ಆಸಾಮಿ, ದೂರದಿಂದ ಒಂದು ಸಾದಾ ಚೆಂಡು ಒದ್ದ. ಕುಬೇರ ಗೆರೆಯ ಮೇಲೆಯೇ ನಿಂತಿದ್ದವನು ಬಲಕ್ಕೆ ಹಾರಿದ. ಚೆಂಡು ಬೆರಳ ತುದಿಗೂ ಸಿಗದೆ ಬಲಗಂಬದ ಪಕ್ಕದಲ್ಲಿ ಬಲೆ ಸೇರಿತು. "ಗೋವಾದ ಮೀನ ತಿಂದು ಮೈ ಭಾರ ಆಗೇತಿ" ಎಂದು ಯಾರೋ ಕೂಗಿದರು, ಮೈದಾನವೆಲ್ಲ ಹೋ ಎಂದು ನಕ್ಕಿತು. ಎದುರಿನ ಗೋಲಿನಲ್ಲಿದ್ದ ಬಾಬಾಜಾನನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆಟ ಮುಗಿದ ಮೇಲೆ ಕುಬೇರ ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

"ಉಸ್ತಾದ, ನಿಮ್ಮ ಜೋಡಿ ಒಂದ ಮಾತಾಡೂದೈತ್ರಿ."

"ಹೇಳಪಾ."

"ಈ ವರ್ಷ ಹಿಂಥಾವ ಮೂರು ಗೋಲ ಬಿಟ್ಟೇನಿ. ಚೆಂಡು ಕಾಣತೈತಿ, ನಿಲ್ಲೂ ಜಾಗಾ ತಪ್ಪತೈತಿ. ಡಾಕ್ಟರ ಕಣ್ಣು ಸರಿ ಐತಿ ಅಂತಾರ. ಕ್ಲಬ್ಬಿನವರು ಇನ್ನೆರಡು ವರ್ಷ ಇರು ಅನ್ನಾಕತ್ತಾರ, ನಾಳಿ ಹೇಳಬೇಕು. ಉಸ್ತಾದರ ಗೆರಿ ಮ್ಯಾಲ ನಿಂತು ನೋಡೂಣು, ಅಲ್ಲೂ ತಪ್ಪಿದ್ರ ಆಟಾನ ಬಿಟ್ಟಬಿಡೂಣು ಅಂತ ಮನಸಿನ್ಯಾಗ ಅನ್ಕೊಂಡ ಬಂದಿದ್ದೆ."

"ಬಿಡ್ತೀ?"

"ಬಿಡ್ತೇನ್ರಿ. ನಿಮ್ಮ ಗೆರಿ ತಪ್ಪೂದಂತೂ ಇಲ್ಲ. ಅಂದಮ್ಯಾಲ ತಪ್ಪಿದ್ದು ನಾನ."

ಹದಿನಾಲ್ಕು ವರ್ಷ ಬಾಬಾಜಾನ ಬಯಸಿದ್ದು ಇವನ ಸೋಲನ್ನೇ. ಈಗ ಅದು ತಾನಾಗಿ ಬಂದು ಮಡಿಲಿಗೆ ಬಿದ್ದರೆ ಅವನಿಗೇ ಬೇಡವಾಯಿತು. ಅವನು ಕೇಳಿದ್ದು ಒಂದು ನಗೆ, ಇವನ ಅನ್ನವನ್ನಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆ ಗಳಿಗೆಗೆ ನಾಚಿಕೆಯೂ ಆಯಿತು.

"ಕುಬೇರ, ಗೆರಿ ಸೊಟ್ಟ ಇತ್ತು. ನಾನ ಬೇಕಂತ ಎಳದಿದ್ದೆ. ಎರಡು ಗೇಣು ಎಡಕ್ಕ."

ಕುಬೇರ ಅವನ ಮುಖವನ್ನೇ ನೋಡಿ ಮೆಲ್ಲಗೆ ನಕ್ಕ. "ಇರ್ಲಿ ಬಿಡ್ರಿ ಉಸ್ತಾದ."

"ಖರೇನ ಹೇಳಾಕತ್ತೇನಿ. ನಿನ್ನ ಕಂಡ್ರ ನನ್ನ ಹೊಟ್ಟಿ ಉರೀತಿತ್ತೋ. ಏಳು, ತೋರಸ್ತೇನಿ."

ಕೈ ಹಿಡಿದು ಗೋಲಿನ ತನಕ ಎಳೆದುಕೊಂಡೇ ಹೋದ. ಅಲ್ಲಿ ಬಹುಮಾನದ ಕಪ್ಪು ಹಿಡಿದು ಫೋಟೋ ತೆಗೆಸಿಕೊಳ್ಳಲು ಅರ್ಧ ಊರೇ ನೆರೆದಿತ್ತು. ನೂರಾರು ಕಾಲು ತುಳಿದ ಮಣ್ಣಿನಲ್ಲಿ ಸೊಟ್ಟ ಗೆರೆಯೂ ಇಲ್ಲ, ನೆಟ್ಟಗಿನದೂ ಇಲ್ಲ. ಬಾಬಾಜಾನ ಮೊಣಕಾಲೂರಿ ಮಣ್ಣು ಕೆದರಿ ಹುಡುಕಿದ.

ಕುಬೇರ ಬಗ್ಗಿ ಅವನ ಪಾದ ಮುಟ್ಟಿದ. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ ಹೆಂಡತಿಗೆ ಫೋನು ಹಚ್ಚಿದ.

"ತುಳಜಾ, ಆಟ ಬಿಟ್ಟೆ ನಾ. ಕಣ್ಣು ಪೂರಾ ಹೋಗಿರಬೇಕು ನೋಡು. ನನ್ನ ಸಮಾಧಾನ ಮಾಡಾಕ ಉಸ್ತಾದರಂಥಾ ಉಸ್ತಾದರು ಸುಳ್ಳು ಹೇಳಾಕತ್ತಾರ."