ನೂರಾಹತ್ತು ವೋಲ್ಟಿನ ಡಬ್ಬ

"ನಿನ್ನೆ ತಗೊಂಡೋದ ಡಬ್ಬ ಯಾರ ಮನೇಗ್ ಆಕ್ದೆ?"

ಫೋನಿನಲ್ಲಿ ಯಶವಂತಪುರದ ಆಂಜಿನಪ್ಪನ ದನಿ ಎಂದಿನಂತಿರಲಿಲ್ಲ. ಮೂವತ್ತು ವರ್ಷದಿಂದ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿರುವ ಮುದುಕ, ಬೈದರೂ ನಗುತ್ತಲೇ ಬೈಯುವವನು. ಬಾಗಲೂರಿನ ಹೊಸ ಕಟ್ಟಡದಲ್ಲಿ ವೈರ್ ಎಳೆಯುತ್ತಿದ್ದ ಎಲೆಕ್ಟ್ರಿಷಿಯನ್ ಶಿವರಾಮ್ ಏಣಿಯ ಮೇಲೇ ನಿಂತ.

"ಸಂಜಯನಗರದ ದ್ರೌಪದಮ್ಮನವರ ಮನೆಗೆ. ಯಾಕಣ್ಣಾ?"

"ಎಡವಟ್ಟಾಗೋಯ್ತು ಕಣೋ. ಅದ್ರ ಜೊತೇಲಿ ಮಾಡಿದ್ದ ಇನ್ನೊಂದನ್ನ ಈಗ ಬಿಚ್ಚಿ ನೋಡ್ದೆ. ಒಳಗೆ ತಂತಿ ತಪ್ಪು ಜಾಗಕ್ಕೆ ಬೆಸೆದಿದೀನಿ. ವೋಲ್ಟ್ ಏನೂ ಇಳಿಸಲ್ಲ ಅದು. ಈ ಕಡೆ ಇನ್ನೂರ ಮೂವತ್ತು ಕೊಟ್ರೆ ಆ ಕಡೇನೂ ಇನ್ನೂರ ಮೂವತ್ತೇ. ನೀನು ಮೀಟರ್ ಇಟ್ಟು ನೋಡ್ದೆ ತಾನೇ?"

ಶಿವರಾಮ್ ನೋಡಿರಲಿಲ್ಲ. ಹದಿನೈದು ವರ್ಷದ ಕಸುಬಿನಲ್ಲಿ ನೋಡದೆ ಕೊಟ್ಟದ್ದು ಇದೊಂದೇ.

ಅದಕ್ಕೂ ಕಾರಣವಿತ್ತು. ದ್ರೌಪದಮ್ಮನ ತಂಗಿ ಸರಳಾ ಹನ್ನೆರಡು ವರ್ಷ ಅಮೆರಿಕದಲ್ಲಿದ್ದು, ಎರಡು ತಿಂಗಳ ಹಿಂದೆ ಅಕ್ಕನ ಜೊತೆಗೇ ಬಂದು ನೆಲೆಸಿದ್ದರು. ಅಲ್ಲಿನ ಸಾಮಾನೂ ಬಂದಿತ್ತು. ಎಲ್ಲವೂ ನೂರಾಹತ್ತು ವೋಲ್ಟಿನವು, ನಮ್ಮ ಕರೆಂಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುವಂಥವು. ಮೊದಲು ಕರೆಂಟಿನಿಂದ ಓಡುವ ಒಂದು ಗಡಿಯಾರಕ್ಕೆ ಶಿವರಾಮ್ ಡಬ್ಬ ತಂದುಕೊಟ್ಟ. ಮೀಟರ್ ಇಟ್ಟು ನೂರಾಹತ್ತು ತೋರಿಸಿದ. ಗಡಿಯಾರವೇನೋ ಓಡಿತು, ಆದರೆ ಸರಳಾಗೆ ಸಮಾಧಾನವಾಗಲಿಲ್ಲ.

ಈ ದಿನ ಬೆಳಗ್ಗೆ ಎಂಟಕ್ಕೆ ಎರಡನೇ ಡಬ್ಬ ಹಿಡಿದು ಹೋದಾಗಲೂ ಅವರು ಗಡಿಯಾರದ ಗುಂಡಿ ಒತ್ತಿ ಸಮಯ ಸರಿಮಾಡುತ್ತಿದ್ದರು. "ನೋಡಿ ಶಿವರಾಮ್, ಕಾಲೇಜಿಗೆ ಹೊರಡೋ ಹೊತ್ತಲ್ಲಿ ದಿನಾ ನಂಗಿದೇ ಕೆಲಸ. ಗಂಟೆಗೆ ಹತ್ತು ನಿಮಿಷ ತಿಂದ್ಹಾಕತ್ತೆ."

"ಮೇಡಂ, ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸೈಕಲ್, ನಮ್ದು ಐವತ್ತು. ಈ ಗಡಿಯಾರ ಆ ಸೈಕಲ್ ಎಣಿಸ್ಕೊಂಡೇ ಓಡೋದು. ಡಬ್ಬ ವೋಲ್ಟ್ ಇಳಿಸತ್ತೆ, ಸೈಕಲ್ ಏರಿಸಲ್ಲ."

"ಕೆಲಸ ಬರದಿದ್ರೆ ನೂರು ನೆಪ. ನಿಮ್ಮನ್ನ ನಂಬಿ ನಾಲ್ಕು ಮನೆಗೆ ನಂಬರ್ ಕೊಟ್ಟಿದ್ದೀನಲ್ಲ, ನಂಗೆ ಬುದ್ಧಿ ಇಲ್ಲ."

"ಬಿಡೇ, ಗಡಿಯಾರ ಸರಿಯಾಗೇ ಇದೆ. ನಿಂಗೇ ಆತುರ," ಎಂದರು ದ್ರೌಪದಮ್ಮ. "ಈ ಪೊರೆ ಬಂದ ಕಣ್ಣಿಗೆ ಕಾಣೋ ಗಡಿಯಾರ ಈ ಕೆಂಪು ಅಂಕಿದೊಂದೇ."

ಶಿವರಾಮನಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬ ಮಂಚದ ಬಳಿ ಇಟ್ಟವನೇ, ಚೀಲದಲ್ಲಿದ್ದ ಮೀಟರ್ ಹೊರಗೆ ತೆಗೆಯದೆ ಗಾಡಿ ಹತ್ತಿದ್ದ. ಹಾಳು ಸಿಟ್ಟು.

ಆ ಡಬ್ಬ ಮಂಡಿಗೆ ಸುತ್ತಿಕೊಳ್ಳುವ ಶಾಖದ ಪಟ್ಟಿಗೆ. ದ್ರೌಪದಮ್ಮನಿಗೆ ಹಳೇ ಸಕ್ಕರೆ ಕಾಯಿಲೆ. ಮಂಡಿಯೊಳಗೆ ನೋವು, ಮೇಲಿನ ಚರ್ಮಕ್ಕೆ ಸ್ಪರ್ಶವೇ ಇಲ್ಲ. ಕಳೆದ ವರ್ಷ ಕಾಲ ಮೇಲೆ ಬಿಸಿನೀರು ಚೆಲ್ಲಿಕೊಂಡು, ಬೊಬ್ಬೆ ಕಂಡ ಮೇಲಷ್ಟೇ ಅವರಿಗೆ ಗೊತ್ತಾಗಿತ್ತು. ವೋಲ್ಟ್ ಎರಡರಷ್ಟಾದರೆ ಕಾವು ನಾಲ್ಕರಷ್ಟು. ಪಟ್ಟಿ ಹೊತ್ತಿಕೊಂಡರೂ ಆ ಕಾಲು ಎಚ್ಚರಿಸುವುದಿಲ್ಲ.

ಹೊರಡುವಾಗ ಅವರು ಹೇಳಿದ್ದ ಮಾತು ಈಗ ನೆನಪಾಯಿತು. "ಹೊಸ ವಸ್ತು ಕಣಪ್ಪಾ. ಮಂಗಳವಾರ ಮೂರರಿಂದ ರಾಹುಕಾಲ. ಊಟ ಮಾಡಿ ಮಲಗೆದ್ದು, ಅದು ಕಳೆದ ಮೇಲೆ ಹಾಕ್ಕೋತೀನಿ. ನಾಲ್ಕೂವರೆಗೆ."

ಫೋನಿನಲ್ಲಿ ನಾಲ್ಕೂ ಐದು.

ದ್ರೌಪದಮ್ಮನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಸರಳಾ ಫೋನು ಸ್ವಿಚ್ ಆಫ್. ಪಾಠ ಮಾಡುವಾಗ ಅವರದು ಯಾವತ್ತೂ ಆಫ್. ಅಕ್ಕಪಕ್ಕದವರ ನಂಬರ್ ಅವನಲ್ಲಿರಲಿಲ್ಲ. ಏಣಿಯಿಂದ ಹೇಗೆ ಇಳಿದನೋ, ಗಾಡಿ ಯಾವಾಗ ಹತ್ತಿದನೋ ಅವನಿಗೇ ತಿಳಿಯದು.

ಯಲಹಂಕ ದಾಟುವವರೆಗೆ ಇನ್ನೂ ಆಸೆಯಿತ್ತು. ಹೆಬ್ಬಾಳದ ಮೇಲ್ಸೇತುವೆಗೆ ಮೊದಲೇ ಗಾಡಿಗಳು ನಿಂತುಬಿಟ್ಟಿದ್ದವು. ಮುಂದೆ ಬಸ್ಸು, ಪಕ್ಕದಲ್ಲಿ ಸಿಮೆಂಟ್ ಲಾರಿ, ಸ್ಕೂಟರಿಗೂ ಸಂದಿಯಿಲ್ಲ. ಮತ್ತೆ ಫೋನ್ ಮಾಡಿದ. ಎತ್ತಲಿಲ್ಲ. ಅಲ್ಲೇ ನಿಂತು ನಾಲ್ಕೂವರೆ ಆಗುವುದನ್ನು ಕಣ್ಣಾರೆ ನೋಡಿದ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ಅಮ್ಮ ತೀರಿಕೊಂಡ ಮೇಲೆ ತಟ್ಟೆ ಹಾಕಿ "ಉಂಡು ಹೋಗು" ಎಂದ ಮನೆ ಅದೊಂದೇ. ಆ ಜೀವಕ್ಕೆ ತನ್ನ ಕೈಯಿಂದಲೇ ಬೆಂಕಿ ಇಟ್ಟುಬಂದೆನಲ್ಲ ಎಂದು ಹೆಲ್ಮೆಟ್ಟಿನೊಳಗೆ ಅತ್ತುಬಿಟ್ಟ.

ಸಂಜಯನಗರ ತಲುಪಿದಾಗ ಐದೂ ಹನ್ನೆರಡು. ಗೇಟು ತಳ್ಳಿದ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಗೇಟಿನಲ್ಲೇ ಮತ್ತೆ ಮಾಡಿದ್ದ ಕರೆಗೆ ಅವರ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬಡಿದುಕೊಳ್ಳುತ್ತಿತ್ತು.

"ಅಮ್ಮಾ!"

ಕೋಣೆಯಲ್ಲಿ ದ್ರೌಪದಮ್ಮ ಅಂಗಾತ ಮಲಗಿದ್ದರು. ಎರಡೂ ಮಂಡಿಗೆ ಪಟ್ಟಿ ಬಿಗಿಯಾಗಿ ಸುತ್ತಿತ್ತು. ಅದರ ವೈರು ಡಬ್ಬಕ್ಕೆ, ಡಬ್ಬದ ವೈರು ಗೋಡೆಗೆ. ಕಣ್ಣು ಮುಚ್ಚಿತ್ತು.

ಶಿವರಾಮ್ ಹಾರಿ ಪ್ಲಗ್ ಕಿತ್ತ. ಪಟ್ಟಿ ಬಿಚ್ಚಿದ. ಬೆಂದ ಚರ್ಮ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಬಗ್ಗಿದ.

ಮಂಡಿ ಎಂದಿನಂತಿತ್ತು. ಪಟ್ಟಿ ತಣ್ಣಗಿತ್ತು.

ದ್ರೌಪದಮ್ಮ ಕಣ್ಣು ಬಿಟ್ಟರು. ಅವನ ಒದ್ದೆ ಮುಖ ನೋಡಿ, ಕಿತ್ತ ಪ್ಲಗ್ ನೋಡಿ, ದಿಂಬಿನ ಪಕ್ಕದ ಗಡಿಯಾರದ ಕೆಂಪು ಅಂಕಿಗಳ ಕಡೆ ಬೆರಳು ತೋರಿಸಿದರು.

"ಸರಳಾ ಥರ ನಿಂಗೂ ಆತುರ ಬಂತೇನಪ್ಪಾ? ಇನ್ನೂ ಮೂರೂ ನಲವತ್ತು ಕಣೋ. ರಾಹುಕಾಲ ಕಳೀಲಿ, ಆಮೇಲೆ ಸ್ವಿಚ್ ಹಾಕ್ತೀನಿ."